ಎಂಟನೇ ನಂಬರು

ಲಾಕ್‌ಗಿಲ್ಪ್‌ಹೆಡ್ಡಿನ ಆಸ್ಪತ್ರೆಯಲ್ಲಿ ನನ್ನದು
ಕಾಲು ನೋಡುವ ಕೆಲಸ.
ಆಣಿ, ಒಡಕು, ಒಳಕ್ಕೆ ಬೆಳೆದ ಉಗುರು,
ಸಕ್ಕರೆ ಕಾಯಿಲೆಗೆ ಸ್ಪರ್ಶ ಸತ್ತ ಹೆಬ್ಬೆರಳು.
ಮೊದಲು ಪಾದ, ಮುಖ ಆಮೇಲೆ.
"ಅಷ್ಟು ಓದಿ ಕಂಡವರ ಕಾಲು ಹಿಡಿಯೋಕೆ ಹೋದಳು" ಎಂದು
ಚಿಕ್ಕಮ್ಮ ಮದುವೆಮನೆಗಳಲ್ಲಿ ನಗುತ್ತಾಳಂತೆ.
ನಗಲಿ.

ಬಂದು ಎರಡು ತಿಂಗಳು, ಸೀಮೆ ಹೊಸದು.
ಕಾಲು ಕೊಟ್ಟವರೆಲ್ಲ ಒಂದೊಂದು ದಾರಿ ಕೊಟ್ಟರು.

ನೀರಬಾಗಿಲು ತೆರೆದು ಮುಚ್ಚಿ ಸವೆದ ಹಿಮ್ಮಡಿ ಹೇಳಿತು:
ಕ್ರಿನನ್ ತನಕ ಕಾಲುವೆಯ ದಂಡೆ ಹಿಡಿದು ನಡಿ,
ದೋಣಿಗಳು ಮೆಟ್ಟಿಲು ಹತ್ತುವುದನ್ನು ನೋಡು.
ನಡೆದೆ. (ಕಾಲುವೆಯೊಳಗೂ ಒಂದು ಕಾಲಿದೆ,
ಹೊಳೆದದ್ದು ಐದನೇ ಮೈಲಿಯಲ್ಲಿ.)
ನೀರು ತುಂಬುವ ತನಕ ಕಾಯುತ್ತಿದ್ದ ದೋಣಿಯಲ್ಲಿ
ಒಬ್ಬ ಸಾವಕಾಶವಾಗಿ ಈರುಳ್ಳಿ ಹೆಚ್ಚುತ್ತಿದ್ದ.

ಮೂವತ್ತು ವರ್ಷ ಅಂಚೆ ಹಂಚಿದ ಚಪ್ಪಟೆ ಪಾದ ಹೇಳಿತು:
ಅಕ್ನಬ್ರೆಕ್ ಕಾಡಿಗೆ ಸಂಜೆ ಹೋಗು,
ಬಿಸಿಲು ಓರೆಯಾದಾಗ ಮಾತ್ರ ಬಂಡೆ ಬಾಯಿಬಿಡುತ್ತದೆ.
ಹೋದೆ. ಕಲ್ಲಿನ ಮೈತುಂಬ ಕುಳಿ,
ಕುಳಿಯ ಸುತ್ತ ಬಳೆ, ಬಳೆಯ ಸುತ್ತ ಇನ್ನೊಂದು ಬಳೆ.
ಸಾವಿರಾರು ವರ್ಷದ್ದು, ಯಾಕೆ ಕೊರೆದರೋ ಯಾರಿಗೂ ತಿಳಿಯದು.
ನನ್ನ ಬೆರಳು ಮಾತ್ರ ಹುಣಸೆಬೀಜ ಹುಡುಕಿತು
ಅಳಗುಳಿಮಣೆಯ ಮುಂದೆ ಕೂತ ಹಾಗೆ.
ಒಂದರಲ್ಲಿ ಮಳೆನೀರು, ಒಂದರಲ್ಲಿ ಪೈನ್ ಎಲೆ,
ಒಂದರಲ್ಲಿ ಯಾರೋ ಬಿಟ್ಟುಹೋದ ಎರಡು ಪೆನ್ನಿ.
ಪೆನ್ನಿ ಎತ್ತಿ ಮುಂದಿನ ಮನೆಗೆ ಹಾಕಿದೆ.
ಆಟ ನಿಲ್ಲಬಾರದಲ್ಲ.

ಇಶ್ಬೆಲ್ ಮ್ಯಾಕ್‌ವಿಕರ್, ಎಪ್ಪತ್ನಾಲ್ಕು,
ನನ್ನ ಕೈಯಲ್ಲಿ ಮಾಗಿದ, ಎರಡು ಬೆರಳಿಲ್ಲದ ಕಾಲು.
"ದುನಾಡ್ ಗುಡ್ಡ ನೋಡಿಲ್ಲವಾ? ಅಲ್ಲೊಂದು ಕಾಲಿದೆ,
ನಿನ್ನ ಇಲಾಖೆಗೆ ಸೇರಿದ್ದು" ಎಂದು
ಭಾನುವಾರ ತಾನೇ ಮುಂದೆ ನಡೆದಳು.
ಸುತ್ತ ಕೆಂಗಂದು ಜೌಗು, ಅದರಲ್ಲಿ
ಜಿಲೇಬಿ ಹಿಂಡಿದ ಹಾಗೆ ಆ್ಯಡ್ ನದಿ,
ಕಿವಿಯಲ್ಲಿ ನುಸಿ, ನುಸಿ, ನುಸಿ.
ನಾನು ಬಂದದ್ದಕ್ಕೇ ಬಿಸಿಲು ಬಂತಂತೆ.
ಕಾಲ್ಗುಣ ಎಂಬ ಮಾತು ವಿವರಿಸುವಷ್ಟರಲ್ಲಿ
ಅರ್ಧ ಗುಡ್ಡ ಮುಗಿದಿತ್ತು.
"ಹಾಗಾದರೆ ನನ್ನದು ಮೂರೇ ಬೆರಳಿನ ಗುಣ" ಎಂದಳು.

ನೆತ್ತಿಯ ಬಂಡೆಯಲ್ಲಿ ಪಾದ.
ಇದರಲ್ಲಿ ಕಾಲಿಟ್ಟವನು ರಾಜನಾಗುತ್ತಿದ್ದನಂತೆ.
ಅಭ್ಯಾಸಬಲ: ಮಂಡಿಯೂರಿ ಅಳೆದೆ.
ಒಂದು ಗೇಣು, ಮೇಲೆ ಮೂರು ಬೆರಳು.
ಎಂಟನೇ ನಂಬರು. ಗಂಟಿಲ್ಲ, ಹುಣ್ಣಿಲ್ಲ.
ರಾಜನಿಗೆ ನನ್ನ ಅಗತ್ಯವಿರಲಿಲ್ಲ.
"ಇದು ನಕಲು. ಅಸಲಿ ಇದರ ಅಡಿಯಲ್ಲಿ ಬೆಚ್ಚಗಿದೆ"
ಎನ್ನುತ್ತಲೇ ಅವಳು ಬೂಟು ಬಿಚ್ಚಿದಳು, ಕಾಲುಚೀಲ ಬಿಚ್ಚಿದಳು,
ಮೂರು ಬೆರಳಿನ ಪಾದವನ್ನು ಗುಳಿಯೊಳಗಿಟ್ಟು
ಕಡಲಿನ ಕಡೆ ನೋಡಿದಳು.
ಮೊದಲ ರಾಜಾಜ್ಞೆ: ಫ್ಲಾಸ್ಕು ತೆಗಿ.

"ಈಗ ನಿನ್ನದು."
ಕಲ್ಲಿನ ಪಾದಕ್ಕೆ ಹಣೆ ಮುಟ್ಟಿಸಿ ಬೆಳೆದವಳು ನಾನು,
ಒಂದು ದಾಸವಾಳ ಇಟ್ಟು ಹಿಂದೆ ಸರಿದವಳು.
ನಕಲಿಗೂ ಕಾಲು ಬರಲಿಲ್ಲ.
ಅಂಗೈ ಇಟ್ಟೆ. ಅವಳ ಕಾಲಿನ ಬಿಸಿ ಇನ್ನೂ ಇತ್ತು.
ಮತ್ತೆ ಶಾಲಿನಲ್ಲಿ ಅವಳ ಪಾದ ಒರೆಸಿ, ಚೀಲ ಏರಿಸಿ,
ದಾರ ಕಟ್ಟಿದೆ. ಭಾನುವಾರವೂ
ಕಂಡವರ ಕಾಲು.

ಇಳಿದು ಅಡ್ಡದಾರಿ ಹಿಡಿದದ್ದು ನನ್ನ ತಪ್ಪು.
ಜೌಗು ಮೊಣಕಾಲ ತನಕ ನುಂಗಿ,
ಬೂಟು ತಾನಿಟ್ಟುಕೊಂಡು ನನ್ನನ್ನು ವಾಪಸು ಕೊಟ್ಟಿತು.
ಹಿಂದೆ ನಿಂತ ಬರಿಗಾಲಿನ ಗುರುತಿಗೆ
ನಿಧಾನ ಕಂದು ನೀರು ಬರುತ್ತಿತ್ತು.
ಇಶ್ಬೆಲ್ ಕನ್ನಡಕ ಏರಿಸಿ ಬಗ್ಗಿ ನೋಡಿದಳು,
ಥೇಟ್ ನನ್ನ ಧಾಟಿಯಲ್ಲೇ:
"ಐದೂವರೆ.
ಹಿಮ್ಮಡಿಗೆ ಭಾರ ಜಾಸ್ತಿ ಬಿಡ್ತೀಯ.
ಎಲ್ಲಿಗೋ ಹೋಗೋದಿದೆಯಾ,
ಅಥವಾ ಇಲ್ಲೇ ಇರ್ತೀಯಾ?"