ಹದಿನೇಳರ ಮಗ್ಗಿ

ವುಲ್ವರ್‌ಹ್ಯಾಂಪ್ಟನ್ ಬಿಟ್ಟಾಗ ಇನ್ನೂ ನಸುಕು, ಐದೂವರೆ.
ಹಿಂದಿನ ಸೀಟಿನಲ್ಲಿ ಅವಳ ಸೀರೆ. ಇಸ್ತ್ರಿ ಕೆಡದಂತೆ
ಮಗುವಿಗೆ ಬಿಗಿದ ಹಾಗೆ ಬೆಲ್ಟು ಬಿಗಿದಿದ್ದಳು.
ತೊಡೆಯ ಮೇಲೆ ಡಬ್ಬಿ: ಕಟಕ ರೊಟ್ಟಿ, ಶೇಂಗಾ ಹಿಂಡಿ.
"ಅಲ್ಲಿ ಊಟ ಕೊಡ್ತಾರಲ್ಲ" ಅಂದೆ.
"ಕೊಡ್ತಾರ. ಉಪ್ಪು ಕೊಡಂಗಿಲ್ಲ."

ಕ್ರೈಸ್ತ ದಾದಿಯರ ವಾರ್ಷಿಕ ಸಮ್ಮೇಳನ,
ವೇಲ್ಸಿನ ಕಡಲದಂಡೆಯ ಲ್ಯಾಂಡುಡ್ನೋದಲ್ಲಿ.
ಆಕೆ ಇಪ್ಪತ್ತು ನಿಮಿಷ ಮಾತಾಡಬೇಕು.
ನನ್ನದು ಗಾಡಿ ಓಡಿಸುವ ಕೆಲಸ, ಹೊಸದೇನಲ್ಲ;
ವಾರಕ್ಕೈದು ದಿನ ಊರೊಳಗಿನ ಬಸ್ಸು ಓಡಿಸುವವ ನಾನು,
ಆದಿತ್ಯವಾರದ ಡ್ಯೂಟಿಯನ್ನು ಕೇಳಿ ಪಡೆಯುವವ.
ಆರಾಧನೆಗೆ ಹೋಗದೆ ಆರು ವರ್ಷ.
ಯಾಕೆಂದು ಆಕೆ ಕೇಳಿಲ್ಲ.
ಕೇಳದೆ ಉಳಿದದ್ದನ್ನು ಮಡಚಿ
ಎಲ್ಲೋ ಒಳಗಿಟ್ಟಿದ್ದಾಳೆ, ಸೀರೆಗಳ ಕೆಳಗೆ.

ಮೇಜಿನ ಹಿಂದಿನ ಹುಡುಗಿ ಅವಳಿಗೆ ಹೆಸರಿನ ಬಿಲ್ಲೆ ಕೊಟ್ಟಳು.
ನನಗೂ ಒಂದು: 'ಕೃಪಾವತಿಯವರ ಸಂಗಾತಿ'.
ಅಷ್ಟೇ. ಹೆಸರಿಲ್ಲ. ಇರಲಿ,
ಡಿಪೋದಲ್ಲೂ ನನ್ನನ್ನು ಕೂಗುವುದು ನಂಬರಿನಿಂದಲೇ.

ಸಂಗಾತಿಗಳಿಗೆ ಬೇರೆ ಕಾರ್ಯಕ್ರಮ.
ಹತ್ತಕ್ಕೆ ಚಹಾ, ಹನ್ನೊಂದಕ್ಕೆ ಗುಡ್ಡ ಹತ್ತುವುದು.
ಲಾಗೋಸಿನ ಒಬ್ಬ ವಕೀಲ,
ನಡೆಯುತ್ತಲೇ ಸ್ವೆಟರು ಹೆಣೆಯುವ ಮರಿಯಕುಟ್ಟಿ,
ಮೊಣಕಾಲು ಎರಡು ಸಲ ಬದಲಿಸಿಕೊಂಡ ಎಮ್ರಿಸ್, ನಾನು.
ಗುಡ್ಡದ ಆಡುಗಳು ಬೀದಿಗಿಳಿದು
ಯಾರದೋ ಬೇಲಿ ಮೇಯುತ್ತಿದ್ದವು.
"ಕಡೇ ದಿನ ಕುರಿ ಬಲಕ್ಕಂತೆ, ಆಡು ಎಡಕ್ಕಂತೆ" ಎಂದ ಎಮ್ರಿಸ್,
"ಸಂಗಾತಿಗಳು ಯಾವ ಕಡೆಗೋ?"
ನಕ್ಕೆವು. ಕಡಲ ಗಾಳಿ ನನ್ನ ಬಿಲ್ಲೆಯನ್ನು
ತಿರುವಿ ತಿರುವಿ ಓದಿತು.

ಮಧ್ಯಾಹ್ನ ಅವಳ ಸರದಿ. ಕೊನೇ ಸಾಲಿನಲ್ಲಿ ಕೂತೆ,
ಮಡಿಲಲ್ಲಿ ಅವಳ ಕೋಟು, ಅದರ ಕಿಸೆಯಲ್ಲಿ
ಒಂದು ಲವಂಗ, ನನ್ನದೇ ಬಸ್ಸಿನ ಹಳೇ ಟಿಕೀಟು.
ಮೈಕಿನ ಮುಂದೆ ಅವಳ ಇಂಗ್ಲಿಷು
ಕಚ್ಚುವ ಹೊಸ ಚಪ್ಪಲಿಯಲ್ಲಿ ನಡೆದಂತೆ ನಡೆಯಿತು.

ಒಬ್ಬ ಮುದುಕ, ಬೀಗದ ಕಾರ್ಖಾನೆಯಲ್ಲಿ ದುಡಿದವ.
ರಾತ್ರಿ ಮೂರು. ಮಗಳು ಸ್ಕಾಟ್ಲೆಂಡಿನಿಂದ ಹೊರಟು ದಾರಿಯಲ್ಲಿ.
ನಿನ್ನ ಭಾಷೆಯಲ್ಲಿ ಪ್ರಾರ್ಥನೆ ಹೇಳು ಸಿಸ್ಟರ್, ಅಂದನಂತೆ.
ಹೇಳಿದೆ, ಎಂದಳು. ಅಜ್ಜಿ ಕಲಿಸಿದ್ದು ಮುಗಿಯಿತು,
ಹಾಸ್ಟೆಲಿನಲ್ಲಿ ಕಲಿತದ್ದು ಮುಗಿಯಿತು.
ಮಗಳು ಬಂದಿಲ್ಲ. ಆತ ಕೈ ಬಿಡುತ್ತಿಲ್ಲ.
ನಿಲ್ಲಿಸಿದರೆ ಕಣ್ಣು ತೆರೆದು ಹುಡುಕುತ್ತಾನೆ.
ಆಗ ನಾನು ಮಗ್ಗಿ ಹೇಳಿದೆ.

ಹದಿನೇಳರದ್ದು. ಬೆಟಗೇರಿಯ ಶಾಲೆಯಲ್ಲಿ
ಬೆರಳ ಗೆಣ್ಣಿಗೆ ಪೆಟ್ಟು ತಿಂದು ಕಲಿತದ್ದು.
ಅಷ್ಟೆಂದು, ಮುನ್ನೂರು ಜನರೆದುರು, ಕನ್ನಡದಲ್ಲೇ:

ಹದಿನೇಳೊಂದ್ಲೆ ಹದಿನೇಳು
ಹದಿನೇಳೆರಡ್ಲೆ ಮೂವತ್ನಾಲ್ಕು
ಹದಿನೇಳ್ಮೂರ್ಲೆ ಐವತ್ತೊಂದು

ಅದೇ ಎಳೆತ, ಅದೇ ಇಳಿತ, ದೇವಾಲಯದಲ್ಲಿ
ಕೀರ್ತನೆ ಓದುವಾಗ ನಮ್ಮವರು ಎಳೆಯುವಂಥದ್ದೇ.
ಏಳಕ್ಕೆ ಬಂದಾಗ ಆತ ಆಮೆನ್ ಅಂದ, ಎಂದಳು.
ಅಲ್ಲಿಗೇ ನಿಲ್ಲಿಸಿದೆ.
ನಾನು ಮೋಸ ಮಾಡಿದೆನೋ, ತಿಳಿಯದು.
ನಿಮ್ಮನ್ನು ಕೇಳಲಿಕ್ಕೇ ಬಂದೆ.

ಕೂಡಲೇ ಯಾರೂ ಚಪ್ಪಾಳೆ ತಟ್ಟಲಿಲ್ಲ.
ಎಲ್ಲೋ ಒಬ್ಬರು ಮೂಗು ಸೀಟಿದರು.
ಕೋಟು ಹಿಡಿದ ನನ್ನ ಕೈ ಬೆವೆತಿತ್ತು.
ಇಂಥ ಎಷ್ಟು ಮುಂಜಾನೆಗಳಲ್ಲಿ
ಅಡುಗೆಮನೆಯಲ್ಲಿ ಎದುರಾಗಿದ್ದೇವೆ, ಆಕೆ ಒಳಗೆ, ನಾನು ಹೊರಗೆ.
"ಹೆಂಗಿತ್ತು ರಾತ್ರಿ?" ಅಂದರೆ
"ಹಂಗ" ಅನ್ನುವವಳು.
ಮುನ್ನೂರರಲ್ಲಿ ನಾನೂ ಒಬ್ಬನೆಂದು
ಗೊತ್ತಿದ್ದೇ ಹೇಳಿದಳೇ?

ಕಾಲ್ವಿನ್ ಬೇ ದಾಟಿದ ಮೇಲೆ ಡಬ್ಬಿ ತೆಗೆದು
ರೊಟ್ಟಿ ಮುರಿದು ನನ್ನ ಬಾಯಿಗಿಟ್ಟಳು,
ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವಲ್ಲ.
ಅಗಿದು ನುಂಗಿ ಕೇಳಿದೆ,
"ಹದಿನೇಳೆಂಟ್ಲೆ ಎಷ್ಟು?"
ತುಟಿ ಆಡಿಸಿದಳು. "ನಡಕ ಕೇಳಿದ್ರ ಬರಂಗಿಲ್ಲ.
ಮೊದಲಿಂದ ಹೇಳಿಕೋತ ಬಂದ್ರ ಬರ್ತದ."
"ಹಂಗಾದ್ರ ಮೊದಲಿಂದ ಹೇಳು."

ಹೇಳಿದಳು. ಮೂರನೆಯದಕ್ಕೆ ನಾನೂ ದನಿ ಸೇರಿಸಿದೆ.
ಇಪ್ಪತ್ತೊಂದು ವರ್ಷ ಬಸ್ಸು ಓಡಿಸಿದವ
ರೌಂಡಬೌಟಿನಲ್ಲಿ ನಮ್ಮ ದಾರಿ ಬಿಟ್ಟು
ಎರಡು ಸುತ್ತು ಸುತ್ತಿದೆ.
ಬಿಲ್ಲೆ ಇನ್ನೂ ಎದೆಯ ಮೇಲೇ ಇತ್ತು.