ಮೂರು ಲೀಟರ್

ಎಣ್ಣೆಯ ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಇನ್ನೂರು ಎಲೆಗೆ ಎಷ್ಟು, ಮಿರ್ಚಿ ಇದ್ದರೆ ಎಷ್ಟು,
ಬಾಣಲೆ ಇಳಿಸಿದ ಮೇಲೆ ತಳದಲ್ಲಿ ಎಷ್ಟು ಉಳಿಯಬೇಕು,
ಮೂವತ್ತು ವರ್ಷ ದಾವಣಗೆರೆಯ ಮದುವೆ ಮನೆಗಳಲ್ಲಿ
ಸೌಟಿನಲ್ಲೇ ಅಳೆದವಳು.
ಎಣ್ಣೆ ಕಡಿಮೆಯಾದರೆ ಒಂದೋ ಬಜ್ಜಿ ಕುಡಿದಿರುತ್ತದೆ,
ಇಲ್ಲಾ ಯಾರದೋ ಬಾಟಲಿ.

ಹಾಗಾಗಿ ಸುಮೋ ಎಣ್ಣೆ ಕೇಳತೊಡಗಿದಾಗ
ನಾನು ನೋಡಿದ್ದು ಬಾನೆಟ್ಟಿನ ಕಡೆಗಲ್ಲ,
ಕೊಟ್ರೇಶಿಯ ಕಡೆಗೆ.
ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಮೂರು ಲೀಟರ್.
"ನೆಲಕ್ಕೆ ಒಂದು ಹನಿ ಬಿದ್ದಿಲ್ಲ, ಎಲ್ಲಿಗೆ ಹೋಯ್ತಪ್ಪಾ?"
"ಗೊತ್ತಿಲ್ಲ ಅಕ್ಕಾರೆ" ಅಂದ.
ಹನ್ನೊಂದು ವರ್ಷ ಓಡಿಸಿದವನು
ಬೀಗದಕೈ ಗೋಡೆಯ ಮೊಳೆಗೆ ಹಾಕಿ ನಡೆದ.
ನಾನು ಹೋಗು ಅಂದಿರಲಿಲ್ಲ.
ಇರು ಅಂತಲೂ ಅನ್ನಲಿಲ್ಲ.

ಹಳೇ ಪಿ.ಬಿ. ರಸ್ತೆ, ಮಿಲ್ಲಿನ ಕಾಂಪೌಂಡಿಗೆ ಬೆನ್ನು ಕೊಟ್ಟ ಶೆಡ್ಡು.
ಫಕೃದ್ದೀನ್ ಸಾಬರು ಮೊದಲು ಏನನ್ನೂ ಬಿಚ್ಚಲಿಲ್ಲ.
ರಾತ್ರಿ ಗಾಡಿಯಡಿ ರಟ್ಟು ಹಾಸಿದರು.
ಬೆಳಿಗ್ಗೆ ರಟ್ಟು ರಟ್ಟಾಗಿಯೇ ಇತ್ತು.
ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದರು,
ಮಸಿ ಬಂತು, ಜಿಡ್ಡು ಬರಲಿಲ್ಲ.
ಸೀಟಿನ ಕೆಳಗೆ ಸಿಕ್ಕ ಕೆಂಪಂಚಿನ ಟವೆಲ್ಲಿನಲ್ಲಿ
ಡಿಪ್‌ಸ್ಟಿಕ್ ಒರೆಸಿ, ಅದ್ದಿ, ಎತ್ತಿ
ಕಾದ ಪೈಪಿನ ಮೇಲೆ ಒಂದು ತೊಟ್ಟು.
ಸುಮ್ಮನೆ ಹರಡಿತು.
"ನೀರು ಸೇರಿದ್ರೆ ಏನಾಗ್ತಿತ್ತು ಹೇಳ್ರಿ?"
ಅದನ್ನು ನನ್ನನ್ನು ಕೇಳಬೇಕೆ!
ಒದ್ದೆ ಕೈಯಲ್ಲಿ ಬಾಣಲೆಗೆ ಹಿಟ್ಟು ಬಿಟ್ಟ ಹುಡುಗಿಯರ
ಮೊಣಕೈ ಕಲೆಗಳೆಲ್ಲ ನನಗೆ ಬಾಯಿಪಾಠ.
"ಚಟಚಟ ಅಂತಿತ್ತು."
"ಅನ್ನಲಿಲ್ಲ. ಅಂದ್ರೆ ಎಣ್ಣಿಯೊಳಗ ನೀರಿಲ್ಲ.
ನೀರೊಳಗ ಎಣ್ಣಿ ಐತೇನು ನೋಡಾಣ."

ಎಂಜಿನ್ ಆರಲೆಂದು ಒಂದು ತಾಸು ಮಂಡಕ್ಕಿ ತಿನ್ನುತ್ತ ಕೂತೆವು.
ಆಮೇಲೆ ರೇಡಿಯೇಟರ್ ಮುಚ್ಚಳ ತಿರುಗಿತು.
ಹಸಿರು ನೀರಿರಬೇಕಾದಲ್ಲಿ
ಹುಣಸೆ ಗೊಜ್ಜಿಗೆ ಹಾಲು ಸುರಿದಂಥದ್ದು,
ಕೆನೆಗಟ್ಟಿ, ಬೆರಳಿಗೆ ಅಂಟಿ.
ಮೂರು ಲೀಟರ್. ಎಲ್ಲೂ ಹೋಗಿರಲಿಲ್ಲ.
ಗಾಡಿಯೊಳಗೇ, ಒಂದು ಮೊಳ ಆಚೆ ಕೂತಿತ್ತು.
ಎಣ್ಣೆ ಬಂದಾಗ ಕಣ್ಣು ಮುಚ್ಚಿದವಳು ಅಂತ
ನಮ್ಮತ್ತೆ ಯಾರ್ಯಾರನ್ನೋ ಬೈಯುತ್ತಿದ್ದಳು.
ನಾನು ಕಣ್ಣು ಬಿಟ್ಟೇ ಇದ್ದೆ,
ಬೇರೆ ಕಡೆಗೆ.

ಹೆಡ್ ಗ್ಯಾಸ್ಕೆಟ್ಟೇ, ಅಂದ ಪಕ್ಕದ ಶೆಡ್ಡಿನ ಹುಡುಗ.
ಸಾಬರು ಅಲ್ಲ ಅಂದರು.
"ಓಡುವಾಗ ಎಣ್ಣಿಗೆ ಜೋರು ಹೆಚ್ಚು, ನೀರಿಗೆ ಕಮ್ಮಿ.
ಜೋರಿದ್ದದ್ದು ಇಲ್ಲದ್ದರೊಳಗ ನುಗ್ತೈತಿ.
ಅದು ತಿರುಗಿ ನುಗ್ಗಂಗಿಲ್ಲ."
ಎಂಜಿನ್ನಿನ ಮಾತು ಅದು.
ನನ್ನ ಮುಖ ನೋಡಿ ಅಂದದ್ದಲ್ಲ.

ಆಯಿಲ್ ಕೂಲರ್ ಬಿಚ್ಚಿ, ಬಾಯಿ ಕಟ್ಟಿ, ಗಾಳಿ ತುಂಬಿ
ಬಕೆಟ್ಟಿನಲ್ಲಿ ಮುಳುಗಿಸಿದಾಗ
ಪಂಕ್ಚರ್ ಟ್ಯೂಬಿನ ಹಾಗೆ ಒಂದೇ ಮೂಲೆಯಿಂದ
ಸಾಸಿವೆ ಸಾಸಿವೆ ಗುಳ್ಳೆ.
ಕೂದಲಷ್ಟು ಬಿರುಕು.

ಹೊಸದು ಕೂರಿಸಿದರು. ನೀರಿನ ದಾರಿ ತೊಳೆಯಲು
ಪಾತ್ರೆ ಸೋಪು ಬಿಟ್ಟು, ಓಡಿಸಿ, ಚೆಲ್ಲಿ,
ಮತ್ತೆ ಬಿಟ್ಟು, ಐದು ಸಲ.
"ಸೀಗೆಕಾಯಿ ತರಲೇನ್ರಿ?" ಅಂದರೆ ನಕ್ಕರು.
ಐದನೆಯ ಸಲವೂ ನೀರಿನ ಮೇಲೆ
ಒಗ್ಗರಣೆಯದೊಂದು ಕಣ್ಣು ತೇಲಿತು.
"ಇನ್ನ ಸ್ವಲ್ಪ ದಿವ್ಸ ಬರ್ತೈತಿ.
ರಬ್ಬರ್ ಪೈಪೆಲ್ಲ ಎಣ್ಣಿ ಕುಡ್ದಾವು. ನೋಡ್ತಾ ಇರ್ರಿ."

ಸಂಜೆ ಆಟೋ ಹಿಡಿದು ನಿಟ್ಟುವಳ್ಳಿಗೆ ಹೋದೆ.
ಹೇಳಬೇಕಾದ್ದನ್ನು ದಾರಿಯುದ್ದ ಅಳೆದಿಟ್ಟುಕೊಂಡಿದ್ದೆ,
ಬಾಗಿಲಲ್ಲಿ ಸೌಟು ಸಿಗಲಿಲ್ಲ.
ಕೂಲರ್, ಬಿರುಕು, ಗುಳ್ಳೆ ಅಂತ ಏನೇನೋ ಅಂದೆ.
ಕೊಟ್ರೇಶಿ ಪೂರ್ತಿ ಕೇಳಿಸಿಕೊಂಡ.
ಅವನ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು.

"ಸೀಟಿನ ಕೆಳಗ ನನ್ನ ಟವೆಲ್ ಇತ್ತು ಅಕ್ಕಾರೆ," ಅಂದ,
"ಕೆಂಪಂಚಿಂದು. ಸಿಕ್ತೇನು?"