ಆರುನೂರು ಗೆರೆ

ಚಿಲೋಯೆಯಲ್ಲಿ ಹೀಗೂ ಉಂಟು:
ಜಾಗ ಬಿಡುವವರು ಮನೆ ಬಿಡುವುದಿಲ್ಲ.
ಅಡಿಗೆ ದಿಮ್ಮಿ ಕೊಟ್ಟು, ಹದಿನಾಲ್ಕು ಜೋಡಿ ಎತ್ತು ಹೂಡಿ
ದಡದ ತನಕ ಎಳೆದು, ಉಬ್ಬರಕ್ಕೆ ಕಾದು,
ದೋಣಿಗೆ ಕಟ್ಟಿ ಆಚೆ ದ್ವೀಪಕ್ಕೆ ತೇಲಿಸಿಬಿಡುತ್ತಾರೆ.
ಒತಿಲಿಯಾ ಮಿಯಾಲೊಂಕೊ ತನ್ನ ಮನೆಯನ್ನು
ತಂಗಿಯ ಮನೆಯ ಪಕ್ಕಕ್ಕೆ ಒಯ್ದದ್ದು ಹಾಗೆ,
ಫೆಬ್ರವರಿಯ ಒಂದು ಶನಿವಾರ.
ಕಿಟಕಿಯ ಪರದೆಯನ್ನೂ ಬಿಚ್ಚಲಿಲ್ಲ.

ನನ್ನ ಕೈಯಲ್ಲಿ ಹೊಸ ಕ್ಯಾಮೆರಾ, ಸಾವಿರದೆಂಬತ್ತು ಗೆರೆ.
ಏಳು ಟೇಪು ತುಂಬಿತು.
ದಲ್ಕಾವೆಯ ನನ್ನ ಫೋಟೋ ಅಂಗಡಿಯ ಹಿಂದಿನ ಕೋಣೆಯಲ್ಲಿ
ಮೂರು ವಾರ ಕೂತು ಕತ್ತರಿಸಿದೆ, ಅಂಟಿಸಿದೆ.
ಐವತ್ತೆರಡು ನಿಮಿಷ ಉಳಿಯಿತು.
ಎತ್ತಿನ ಮೂತಿಯ ಹಬೆ, ಗೋಡೆಯ ಒಂದೊಂದು ಮರದ ಹಲ್ಲೆ,
ಒಂದು ಹಲ್ಲೆಯ ಮೊಳೆಯಿಂದ ಇಳಿದ ತುಕ್ಕು,
ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ.

ಆದರೆ ಕೇಳಿದವರ ಮನೆಯಲ್ಲೆಲ್ಲ ಇರುವುದು ಡಿವಿಡಿ ಪ್ಲೇಯರು.
ನಾನೂರೆಂಬತ್ತಕ್ಕಿಂತ ಮೇಲೆ ಅದಕ್ಕೆ ಎಣಿಸಲು ಬಾರದು.
ಮಿಕ್ಕ ಆರುನೂರು ಗೆರೆ?
ಯಾರನ್ನು ಕೇಳಿ ಬಿಡಲಿ?
ಯಂತ್ರ ಯಾರನ್ನೂ ಕೇಳುವುದಿಲ್ಲ.
ಮೊದಲು ಮೊಳೆಯ ತುಕ್ಕು ಹೋಯಿತು,
ಆಮೇಲೆ ಮೊಳೆ.

ಮೊದಲ ಡಿಸ್ಕಿನಲ್ಲಿ ಎತ್ತುಗಳು ನಡುಗಿದವು.
ಬೆಸ ಗೆರೆ ಮೊದಲೋ, ಸಮ ಗೆರೆ ಮೊದಲೋ,
ನಾನು ತಿರುಗಾಮುರುಗಾ ಮಾಡಿದ್ದೆ.
ಮುಂದಿಟ್ಟ ಕಾಲನ್ನು ಹಿಂದಿಟ್ಟು ಮತ್ತೆ ಮುಂದಿಡುವ ಎತ್ತು,
ಅಂಚೆಲ್ಲ ಬಾಚಣಿಗೆಯ ಹಲ್ಲು.
ಎರಡನೆಯದರಲ್ಲಿ ಕಡಲು ಒಡೆಯಿತು,
ಚೌಕ ಚೌಕವಾಗಿ, ಸ್ನಾನದ ಮನೆಯ ನೆಲದಂತೆ.
ಆಗ ಕಲಿತೆ:
ನಿಂತದ್ದನ್ನು ಒಮ್ಮೆ ಬರೆದುಕೊಂಡರೆ ಸಾಕು ಈ ಯಂತ್ರಕ್ಕೆ,
ಅಲುಗುವುದನ್ನು ಪ್ರತಿ ಸಲ ಹೊಸದಾಗಿ ಬರೆಯಬೇಕು.
ಸ್ಥಾವರ ಅಗ್ಗ, ಜಂಗಮ ದುಬಾರಿ.
ಸ್ಥಾವರವೇ ಜಂಗಮವಾಗಿ ಹೊರಟ ದಿನಕ್ಕೆ
ಏನು ಬೆಲೆ ಕಟ್ಟುತ್ತದೆ ಪಾಪ.

ಬಿಟ್‌ರೇಟು ಎಂಟಕ್ಕೆ ಏರಿಸಿದರೆ ಹಳೆಯ ಪ್ಲೇಯರು ಏದುಸಿರು ಬಿಡುತ್ತದೆ,
ಐದಕ್ಕೆ ಇಳಿಸಿದರೆ ನೀರು ಹೆಂಚಾಗುತ್ತದೆ.
ಆರೂವರೆಗೆ ಒಪ್ಪಂದ.
ಗಾಳಿಗೆ ಎರಡು ಸಲ ಕರೆಂಟು ಹೋಯಿತು,
ಎರಡು ಸಲವೂ ತೊಂಬತ್ತು ಪರ್ಸೆಂಟಿನಲ್ಲಿ.
ಅಂತೂ ಹತ್ತೊಂಬತ್ತು ಡಿಸ್ಕು ಸುಟ್ಟು, ಹೆಸರು ಬರೆದು,
ಭಾನುವಾರದ ದೋಣಿಯಲ್ಲಿ ಕಳಿಸಿದೆ.

ಬುಧವಾರ ಬಂದ ರುಪೆರ್ತೊ ಚಿಗ್ವಾಯ್.
ಟೊಪ್ಪಿಗೆ ತೆಗೆಯಲಿಲ್ಲ, ಕೂರಲಿಲ್ಲ.
"ಬಾಲದ ಹಗ್ಗ ಹಿಡಿದವನು ನಾನು.
ನಾನು ಬಿಟ್ಟಿದ್ದರೆ ಮನೆ ತಿರುಗಿ ಬೆನ್ನು ಹಾಕುತ್ತಿತ್ತು.
ಎಲ್ಲರೂ ಇದ್ದಾರೆ. ನಾಯಿ ಸಹ ಇದೆ. ನಾನೆಲ್ಲಿ?"

ಇದ್ದ. ನನ್ನ ಪರದೆಯಲ್ಲಿ ಇದ್ದ,
ಎಡ ಅಂಚಿನಲ್ಲಿ, ಸಣ್ಣ ದೋಣಿಯ ಮೇಲೆ ನಿಂತು.
ಆದರೆ ಅವನ ಮನೆಯದು ದಪ್ಪ ಗಾಜಿನ ಹಳೆಯ ಟೀವಿ.
ಸುತ್ತಲೂ ಒಂದೊಂದು ಬೆರಳಗಲ ಚಿತ್ರವನ್ನು
ಯಾರಿಗೂ ತೋರಿಸದೆ ತಾನೇ ನುಂಗಿಕೊಳ್ಳುವ ಪೈಕಿ.
ಆರುನೂರು ಗೆರೆಯ ಲೆಕ್ಕದಲ್ಲಿ
ನಾನು ಈ ಒಂದು ಬೆರಳನ್ನು ಮರೆತಿದ್ದೆ.

ಅವನೊಬ್ಬನಿಗೆ ಬೇರೆ ಮಾಡಿದೆ.
ಇಡೀ ಚಿತ್ರವನ್ನು ಒಳಕ್ಕೆ ಕುಗ್ಗಿಸಿ
ಸುತ್ತ ಕಪ್ಪು ಅಂಚು ಬಿಟ್ಟೆ, ಟೀವಿಯ ಪಾಲೆಂದು.
ಮನೆ ಇನ್ನಷ್ಟು ಚಿಕ್ಕದಾಯಿತು, ಬೆಂಕಿಪೊಟ್ಟಣದಷ್ಟು.
ಎತ್ತುಗಳು ಇರುವೆ.

ನಾನೇ ಒಯ್ದುಕೊಟ್ಟೆ.
ಪ್ಲೇಯರು ಬಾಯಿ ತೆರೆದು ನುಂಗಿ, ಗೊಣಗಿ, ಉಗುಳಿತು.
ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಕೊಟ್ಟ, ಒಪ್ಪಿಕೊಂಡಿತು.
ನಲವತ್ತೊಂದನೆಯ ನಿಮಿಷ, ಎಡಗಡೆ, ಒಂದು ಕಂದು ಕಲೆ.
"ಅಗೋ," ಎಂದ.
ಹೆಂಡತಿ ಬ್ರಿಹಿದಾ ಆಲೂಗಡ್ಡೆ ಹೆರೆಯುತ್ತಾ ಕತ್ತೆತ್ತಿ ನೋಡಿದಳು.
"ಅದು ದೋಣಿ ಕಟ್ಟುವ ಕಂಬ."

ಅವನು ಎದ್ದು ಗಾಜಿನ ಹತ್ತಿರ ಹೋದ,
ಉಗುರಿನಿಂದ ಮೆಲ್ಲಗೆ ತಟ್ಟಿದ.
"ಕಂಬ ಟೊಪ್ಪಿಗೆ ಹಾಕಿಕೊಳ್ಳುತ್ತದೇನೇ?"